ಪೊರಕೆಯ ಜೊತೆಗೆ ಲೆಕ್ಕದ ಪುಸ್ತಕ

ಊರನ್ನು ಶುಚಿಯಾಗಿಡುವ ಕಾರ್ಯಕ್ಕೆ ತರುಣರನ್ನು ಕರೆಯುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ. ಅಕ್ಟೋಬರ್ ೨ ಬಂದಿತೆಂದರೆ ಶಾಲಾ ಕಾಲೇಜುಗಳ ಹುಡುಗ ಹುಡುಗಿಯರು ಪೊರಕೆ ಹಿಡಿದು ಬೀದಿಗಿಳಿಯುತ್ತಾರೆ. ಗಣ್ಯರು ಆಗಮಿಸಿ ನಾಲ್ಕು ಮಾತನಾಡುತ್ತಾರೆ. ಭಾವಚಿತ್ರಗಳಾಗುತ್ತವೆ, ಉಪಾಹಾರವಾಗುತ್ತದೆ, ವಂದನಾರ್ಪಣೆಯೂ ಆಗುತ್ತದೆ. ಎಂಟು ದಿನ ಕಳೆಯುವಷ್ಟರಲ್ಲಿ ಅದೇ ಮೂಲೆಯಲ್ಲಿ ಅದೇ ಕಸ, ಅದೇ ಚರಂಡಿಯಲ್ಲಿ ಅದೇ ಕೊಳಚೆ. ಜನಕ್ಕೆ ಬುದ್ಧಿ ಬರುವುದಿಲ್ಲವೆಂದು ಹಿರಿಯರು ಮರುಗುತ್ತಾರೆ. ಮರುವರ್ಷ ತರುಣರು ಬರುವುದನ್ನೇ ನಿಲ್ಲಿಸುತ್ತಾರೆ.

ಇಲ್ಲಿ ಕೊರತೆಯಿರುವುದು ಶ್ರಮದಲ್ಲಲ್ಲ. ನಾವು ತರುಣರಿಂದ ಅವರ ತೋಳ್ಬಲವನ್ನಷ್ಟೇ ಬೇಡುತ್ತೇವೆ. ಅವರ ಕಣ್ಣನ್ನೂ ಬುದ್ಧಿಯನ್ನೂ ಬೇಡುವುದಿಲ್ಲ. ಈ ಕಸ ಎಲ್ಲಿಂದ ಬಂದಿತು, ಇದನ್ನು ಯಾರು ಒಯ್ಯಬೇಕಾಗಿತ್ತು, ಏಕೆ ಒಯ್ಯಲಿಲ್ಲ, ಇದರಿಂದ ಯಾರ ಮನೆಯ ಮಗು ಕಾಯಿಲೆ ಬಿದ್ದಿತು ಎಂಬ ಪ್ರಶ್ನೆಗಳನ್ನು ಕೇಳುವ ಹೊಣೆಯನ್ನು ಅವರಿಗೆ ಒಪ್ಪಿಸುವುದಿಲ್ಲ. ಪೊರಕೆ ಹಿಡಿದ ಕೈ ಒಂದು ದಿನದ ಕೆಲಸ ಮಾಡೀತು. ಆ ಕೈಗೆ ಲೆಕ್ಕದ ಪುಸ್ತಕವೂ ಬಂದಾಗಲೇ ಮುಂದಾಳುತನ ಹುಟ್ಟುವುದು. ಇದು ಬರಿಯ ಊಹೆಯಲ್ಲ. ದೂರದ ಎರಡು ನಗರಗಳಲ್ಲಿಯೂ ನಮ್ಮದೇ ಗಡಿಯ ಒಂದು ಗ್ರಾಮದಲ್ಲಿಯೂ ನಡೆದ ಸಂಗತಿಗಳು ಇದಕ್ಕೆ ಸಾಕ್ಷಿಯಾಗಿವೆ.

ಎರಡು ಭಾಷೆಗಳ ನಡುವಿನ ಕೇರಿ

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಪೂರ್ವ ಹಾರ್ಲೆಮ್ ಎಂಬ ಭಾಗವಿದೆ. ಎರಡನೆಯ ಮಹಾಯುದ್ಧದ ತರುವಾಯ ಪೋರ್ಟೊರಿಕೊ ದ್ವೀಪದಿಂದ ಬಂದ ಸಹಸ್ರಾರು ಕುಟುಂಬಗಳು ಅಲ್ಲಿ ನೆಲೆಸಿದವು. ಆ ದ್ವೀಪ ೧೮೯೮ರಲ್ಲಿ ಅಮೆರಿಕದ ವಶಕ್ಕೆ ಹೋಯಿತು. ೧೯೧೭ರಲ್ಲಿ ಅಲ್ಲಿಯ ಜನ ಅಮೆರಿಕದ ಪ್ರಜೆಗಳಾದರು. ಕಾನೂನಿನ ದೃಷ್ಟಿಯಲ್ಲಿ ಅವರು ಪರದೇಶಿಗಳಲ್ಲ. ಆದರೆ ಮನೆಯಲ್ಲಿ ಆಡುವ ಮಾತು ಸ್ಪ್ಯಾನಿಷ್, ಕಚೇರಿಯ ಮಾತು ಇಂಗ್ಲಿಷ್. ಆಸ್ಪತ್ರೆಗೆ ಹೋದ ತಾಯಿಗೆ ವೈದ್ಯರ ಮಾತು ತಿಳಿಯದು. ವೈದ್ಯರಿಗೆ ತಾಯಿಯ ಮಾತು ತಿಳಿಯದು. ನಡುವೆ ನಿಂತು ಎರಡೂ ಕಡೆಗೆ ಹೇಳಬೇಕಾದವರು ಶಾಲೆಗೆ ಹೋಗುವ ಮಕ್ಕಳು. ರಾಜ್ಯದ ಭಾಷೆಯೊಂದು, ಮನೆಯ ಭಾಷೆಯೊಂದು ಆಗಿರುವ ನಮ್ಮ ಓದುಗರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೯೬೯ರ ಬೇಸಿಗೆಯಲ್ಲಿ ಈ ಕೇರಿಯ ಕೆಲವು ತರುಣ ತರುಣಿಯರು 'ಯಂಗ್ ಲಾರ್ಡ್ಸ್' ಎಂಬ ಸಂಘಟನೆಯ ನ್ಯೂಯಾರ್ಕ್ ಶಾಖೆಯನ್ನು ಕಟ್ಟಿದರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಹಲವರು ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು. ತಲೆಯಲ್ಲಿ ದೊಡ್ಡ ದೊಡ್ಡ ಸಿದ್ಧಾಂತಗಳಿದ್ದವು. ಆದರೆ ಅವರು ಮೊದಲು ಮಾಡಿದ ಕೆಲಸವೆಂದರೆ ಬೀದಿಯ ಜನರನ್ನು ಮಾತನಾಡಿಸಿ, ನಿಮಗೆ ಎಲ್ಲಕ್ಕಿಂತ ಹೆಚ್ಚಿನ ತೊಂದರೆ ಯಾವುದು ಎಂದು ಕೇಳಿದ್ದು. ಬಂದ ಉತ್ತರ ಒಂದೇ ಮಾತಿನದು: ಕಸ. ಶ್ರೀಮಂತರ ಬಡಾವಣೆಗಳಲ್ಲಿ ತಪ್ಪದೆ ಬರುವ ಕಸದ ಲಾರಿ ಈ ಕೇರಿಗೆ ಸರಿಯಾಗಿ ಬರುತ್ತಿರಲಿಲ್ಲ.

ತರುಣರು ತಮ್ಮ ಸಿದ್ಧಾಂತವನ್ನು ಪಕ್ಕಕ್ಕಿಟ್ಟು ಭಾನುವಾರಗಳಂದು ಗುಡಿಸಲು ನಿಂತರು. ನಗರದ ನೈರ್ಮಲ್ಯ ವಿಭಾಗಕ್ಕೆ ಹೋಗಿ ಪೊರಕೆ ಕೇಳಿದರೆ ಅದೂ ದೊರೆಯಲಿಲ್ಲ. ಗುಡಿಸಿ ಕೂಡಿಹಾಕಿದ ಕಸವನ್ನು ಒಯ್ಯುವವರೂ ಇರಲಿಲ್ಲ. ಕೊನೆಗೆ ಜುಲೈ ತಿಂಗಳಲ್ಲಿ ಆ ಕಸವನ್ನೆಲ್ಲ ಮೂರನೆಯ ಅವೆನ್ಯೂ ಎಂಬ ಹೆದ್ದಾರಿಯ ಮಧ್ಯದಲ್ಲಿ ರಾಶಿ ಹಾಕಿ ವಾಹನ ಸಂಚಾರವನ್ನು ತಡೆದರು. ಅದು ಮೇಯರ್ ಚುನಾವಣೆಯ ವರ್ಷ. ಯಾರೂ ತಿರುಗಿ ನೋಡದಿದ್ದ ಕೇರಿಯ ಕಸ ಪತ್ರಿಕೆಗಳ ಸುದ್ದಿಯಾಯಿತು.

ಗೋಡೆಯೊಳಗಿನ ವಿಷ

ಕಸ ಕಣ್ಣಿಗೆ ಕಾಣುವ ಶತ್ರು. ತರುಣರ ನಿಜವಾದ ಬೆಳವಣಿಗೆ ಕಂಡುಬರುವುದು ಅವರ ಮುಂದಿನ ಹೆಜ್ಜೆಯಲ್ಲಿ. ಆ ಕೇರಿಯ ಹಳೆಯ ಕಟ್ಟಡಗಳ ಗೋಡೆಗಳಿಗೆ ಸೀಸ ಬೆರೆತ ಬಣ್ಣ ಬಳಿದಿತ್ತು. ನ್ಯೂಯಾರ್ಕ್ ನಗರ ೧೯೬೦ರಲ್ಲಿಯೇ ಮನೆಗಳ ಒಳಗೆ ಇಂತಹ ಬಣ್ಣವನ್ನು ನಿಷೇಧಿಸಿತ್ತು. ಆದರೆ ಅದಕ್ಕೆ ಮೊದಲು ಬಳಿದದ್ದು ಗೋಡೆಯಲ್ಲಿಯೇ ಉಳಿದಿತ್ತು. ಬಾಡಿಗೆ ವಸೂಲು ಮಾಡುವ ಮನೆಯೊಡೆಯರು ದುರಸ್ತಿ ಮಾಡಿಸುತ್ತಿರಲಿಲ್ಲ. ಬಣ್ಣ ಹಪ್ಪಳದಂತೆ ಎದ್ದು ಉದುರುತ್ತಿತ್ತು. ಸೀಸದ ಬಣ್ಣಕ್ಕೆ ತುಸು ಸಿಹಿ ರುಚಿಯುಂಟು. ಅಂಬೆಗಾಲಿಡುವ ಕೂಸುಗಳು ಆ ಚೂರುಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದವು. ನೆಲದ ಧೂಳು ಹತ್ತಿದ ಬೆರಳನ್ನು ಚೀಪುತ್ತಿದ್ದವು.

ಸೀಸ ದೇಹವನ್ನು ಹೊಕ್ಕರೆ ಸುಣ್ಣದ ಅಂಶದ ಸ್ಥಾನವನ್ನು ಆಕ್ರಮಿಸಿ ಎಲುಬಿನಲ್ಲಿ ನೆಲೆಸುತ್ತದೆ; ಬೆಳೆಯುತ್ತಿರುವ ಮಿದುಳಿಗೆ ಹಾನಿ ಮಾಡುತ್ತದೆ. ಹೆಚ್ಚಾದರೆ ಫಿಟ್ಸು, ಪ್ರಜ್ಞೆ ತಪ್ಪುವುದು, ಮರಣ. ಕಡಿಮೆಯಿದ್ದರೆ ಹೊರಗೆ ಏನೂ ಕಾಣದು. ಮಗು ಪಾಠದಲ್ಲಿ ಹಿಂದೆ ಬೀಳುತ್ತದೆ, ಸುಮ್ಮಸುಮ್ಮನೆ ಸಿಟ್ಟಾಗುತ್ತದೆ, ದಡ್ಡನೆಂಬ ಹೆಸರು ಹೊರುತ್ತದೆ. ಇಷ್ಟರವರೆಗೆ ಅಪಾಯವಿಲ್ಲ ಎಂದು ಹೇಳಬಹುದಾದ ಸೀಸದ ಪ್ರಮಾಣ ಯಾವುದೂ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟು ಅದೇ ಮನೆಗೆ ಕಳುಹಿಸಿದರೆ ಪ್ರಯೋಜನವೇನು? ಕಾಯಿಲೆ ಮಗುವಿನಲ್ಲಿದ್ದರೂ ಅದರ ಮೂಲ ಗೋಡೆಯಲ್ಲಿತ್ತು. ಪರಿಸರದ ಆರೋಗ್ಯವೆಂದರೆ ಏನೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಮೂತ್ರದಲ್ಲಿ ಸೀಸವನ್ನು ಪತ್ತೆ ಮಾಡುವ ಸಾಮಗ್ರಿ ನಗರದ ಆರೋಗ್ಯ ಇಲಾಖೆಯಲ್ಲಿ ಇತ್ತು. ಆದರೆ ಬಳಕೆಯಾಗದೆ ಬಿದ್ದಿತ್ತು. ೧೯೬೯ರ ನವೆಂಬರಿನಲ್ಲಿ ತರುಣರು ಇಲಾಖೆಯ ಕಚೇರಿಯಲ್ಲಿ ಧರಣಿ ಕುಳಿತು ಅದನ್ನು ಪಡೆದರು. ವೈದ್ಯಕೀಯ ವಿದ್ಯಾರ್ಥಿಗಳನ್ನೂ ದಾದಿಯರನ್ನೂ ಜೊತೆಗೆ ಕರೆದುಕೊಂಡು ಮನೆಮನೆಯ ಬಾಗಿಲು ತಟ್ಟಿದರು. ತಾಯಂದಿರ ಭಾಷೆಯಲ್ಲಿಯೇ ವಿಷಯವನ್ನು ವಿವರಿಸಿದರು. ಅನೇಕ ಮಕ್ಕಳ ಮೂತ್ರದಲ್ಲಿ ಸೀಸ ಕಂಡುಬಂದಿತು. ಅಲ್ಲಿಯವರೆಗೆ 'ನಮ್ಮ ಕೇರಿಯ ಮಕ್ಕಳಿಗೆ ಏನೋ ಆಗಿದೆ' ಎಂಬುದು ಗೊಣಗಾಟವಾಗಿತ್ತು. ಈಗ ಅದು ಅಂಕೆಯಾಯಿತು. ಗೊಣಗಾಟವನ್ನು ಅಧಿಕಾರಿಗಳು ಅಲಕ್ಷಿಸಬಲ್ಲರು. ಅಂಕೆಯನ್ನು ಅಲಕ್ಷಿಸುವುದು ಅಷ್ಟು ಸುಲಭವಲ್ಲ. ೧೯೭೦ರಲ್ಲಿ ನಗರವು ಸೀಸದ ವಿಷಬಾಧೆಯ ನಿಯಂತ್ರಣಕ್ಕಾಗಿ ಪ್ರತ್ಯೇಕ ವಿಭಾಗವನ್ನು ತೆರೆಯಿತು. ೧೯೭೧ರ ಜನವರಿಯಲ್ಲಿ ಅಮೆರಿಕದ ಕೇಂದ್ರ ಸರಕಾರ ಇದಕ್ಕಾಗಿ ಕಾನೂನು ಮಾಡಿತು. ಇವೆಲ್ಲ ಈ ತರುಣರೊಬ್ಬರಿಂದಲೇ ಆದುದೆಂದು ನಾವು ಹೇಳುವುದಿಲ್ಲ. ವೈದ್ಯರು, ಪತ್ರಕರ್ತರು, ಇತರ ಸಂಘಗಳವರು ಅನೇಕರು ದುಡಿದಿದ್ದರು. ಆದರೆ ಮನೆಯ ಬಾಗಿಲಿಗೆ ಹೋಗಿ ಲೆಕ್ಕ ತಂದವರಲ್ಲಿ ಇವರು ಮುಂದಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಕ್ಷಯರೋಗದ ವಿಷಯದಲ್ಲಿಯೂ ಹೀಗೆಯೇ ನಡೆಯಿತು. ಎದೆಯ ಎಕ್ಸ್‌ರೇ ತೆಗೆಯುವ ಸರಕಾರಿ ವಾಹನ ದುಡಿಯುವ ಜನಕ್ಕೆ ಅನುಕೂಲವಾದ ಸ್ಥಳಕ್ಕೂ ಸಮಯಕ್ಕೂ ಬರುತ್ತಿರಲಿಲ್ಲ. ೧೯೭೦ರ ಜೂನ್ ೧೭ರಂದು ತರುಣರು ಆ ವಾಹನವನ್ನೇ ವಶಪಡಿಸಿಕೊಂಡು ತಮ್ಮ ಕೇರಿಗೆ ತಂದು ನಿಲ್ಲಿಸಿದರು. ಜನ ಸಾಲುಗಟ್ಟಿ ನಿಂತು ಪರೀಕ್ಷೆ ಮಾಡಿಸಿಕೊಂಡರು. ವಾಹನವನ್ನು ಅಲ್ಲಿಯೇ ದಿನಕ್ಕೆ ೧೨ ಗಂಟೆ ನಡೆಸಲು ನಗರದ ಆಡಳಿತ ಒಪ್ಪಿಕೊಂಡಿತು.

ಕೊಳ್ಳಬೇಕಾದುದು, ಬಿಡಬೇಕಾದುದು

ವಾಹನವನ್ನು ಬಲವಂತದಿಂದ ಒಯ್ಯುವುದನ್ನಾಗಲಿ, ರಸ್ತೆಯ ಮೇಲೆ ಕಸ ಸುರಿಯುವುದನ್ನಾಗಲಿ ನಮ್ಮ ಮಕ್ಕಳು ಅನುಸರಿಸಲೆಂದು ನಾವು ಬಯಸುವುದಿಲ್ಲ. ಅದು ಆ ದೇಶದ, ಆ ಕಾಲದ ಸಿಟ್ಟು. ಅದಕ್ಕಿಂತ ಮುಖ್ಯವಾದ ಇನ್ನೊಂದು ಪಾಠ ಅವರ ಪತನದಲ್ಲಿದೆ. ೧೯೭೧ರ ಹೊತ್ತಿಗೆ ಸಂಘಟನೆಯ ಗಮನ ಕೇರಿಯಿಂದ ದೂರ ಸರಿದು ಪೋರ್ಟೊರಿಕೊ ದ್ವೀಪದ ರಾಜಕಾರಣದತ್ತ ಹೊರಳಿತು. ಒಳಜಗಳ, ಶಂಕೆ, ಒಡಕುಗಳು ಬಂದವು. ಕೆಲವೇ ವರ್ಷಗಳಲ್ಲಿ ಸಂಘಟನೆ ಅಳಿಯಿತು. ಜನರನ್ನು ಕೇಳುವುದನ್ನು ಬಿಟ್ಟ ದಿನವೇ ಅವರ ಬಲವೂ ಕುಂದತೊಡಗಿತು ಎಂದು ನಮಗೆ ತೋರುತ್ತದೆ.

ಒಂದು ಒಳ್ಳೆಯ ಅಂಶವನ್ನೂ ಹೇಳಬೇಕು. ಆರಂಭದಲ್ಲಿ ಸಂಘಟನೆಯ ಮುಖಂಡರೆಲ್ಲ ಗಂಡುಮಕ್ಕಳೇ ಆಗಿದ್ದರು. ಮನೆಯೊಳಕ್ಕೆ ಹೋಗಿ ತಾಯಂದಿರೊಡನೆ ಮಾತನಾಡುವ ಕೆಲಸದ ಬಹುಪಾಲನ್ನು ಹೊತ್ತ ಹೆಣ್ಣುಮಕ್ಕಳು ನಿರ್ಧಾರದಲ್ಲಿಯೂ ತಮಗೆ ಪಾಲು ಬೇಕೆಂದು ಪಟ್ಟು ಹಿಡಿದರು. ೧೯೭೦ರಲ್ಲಿ ಡೆನಿಸ್ ಆಲಿವರ್ ಎಂಬ ತರುಣಿ ಕೇಂದ್ರ ಸಮಿತಿಯನ್ನು ಸೇರಿದ ಮೊದಲ ಮಹಿಳೆಯಾದರು. ಹೆಣ್ಣುಮಕ್ಕಳಿಗೆ ರಂಗೋಲಿ, ಸ್ವಾಗತಗೀತೆಗಳನ್ನು ವಹಿಸಿ, ಅಧ್ಯಕ್ಷ ಕಾರ್ಯದರ್ಶಿ ಪದವಿಗಳನ್ನು ಹುಡುಗರಿಗೆ ಹಂಚುವ ನಮ್ಮ ಸಂಘಗಳು ಇದನ್ನು ಗಮನಿಸುವುದು ಒಳಿತು.

ಶಾಂತವಾದ ದಾರಿಯಿಂದಲೂ ಇಂತಹ ಕೆಲಸವಾಗುತ್ತದೆ ಎಂಬುದಕ್ಕೆ ಅದೇ ದೇಶದ ಬಾಲ್ಟಿಮೋರ್ ನಗರ ಸಾಕ್ಷಿ. ಅಲ್ಲಿಯ ಕರ್ಟಿಸ್ ಬೇ ಎಂಬ ಬಡವರ ಬಡಾವಣೆಯ ಸಮೀಪ, ಪ್ರೌಢಶಾಲೆಯೊಂದರಿಂದ ಒಂದು ಮೈಲಿಯೂ ಇಲ್ಲದ ದೂರದಲ್ಲಿ, ದಿನಕ್ಕೆ ೪,೦೦೦ ಟನ್ ಕಸ ಸುಟ್ಟು ವಿದ್ಯುತ್ತು ತಯಾರಿಸುವ ಕಾರ್ಖಾನೆಗೆ ಸರಕಾರದ ಅನುಮತಿ ದೊರೆತಿತ್ತು. ಆ ಶಾಲೆಯ ಡೆಸ್ಟಿನಿ ವ್ಯಾಟ್‌ಫರ್ಡ್ ಎಂಬ ೧೭ರ ಹುಡುಗಿ ತನ್ನ ಸಹಪಾಠಿಗಳೊಡನೆ ಕಾಗದಪತ್ರಗಳನ್ನು ಓದತೊಡಗಿದಳು. ವರ್ಷಕ್ಕೆ ಎಷ್ಟು ಪಾದರಸ, ಎಷ್ಟು ಸೀಸವನ್ನು ಗಾಳಿಗೆ ಬಿಡಲು ಆ ಅನುಮತಿ ಅವಕಾಶ ಕೊಟ್ಟಿದೆ ಎಂದು ಕಂಡುಕೊಂಡರು. ಮನೆಮನೆಗೆ ಹೋಗಿ ತಿಳಿಸಿದರು. ಹುಡುಕುತ್ತ ಹೋದಾಗ, ಆ ವಿದ್ಯುತ್ತನ್ನು ಕೊಳ್ಳಲು ಒಪ್ಪಿದವರಲ್ಲಿ ತಮ್ಮ ಶಾಲೆಗಳನ್ನು ನಡೆಸುವ ಮಂಡಳಿಯೂ ಇದೆಯೆಂಬುದು ಗೊತ್ತಾಯಿತು. ೨೦೧೪ರಲ್ಲಿ ವಿದ್ಯಾರ್ಥಿಗಳು ಮಂಡಳಿಯ ಸಭೆಯ ಮುಂದೆ ನಿಂತು ತಮ್ಮ ಲೆಕ್ಕವನ್ನು ಒಪ್ಪಿಸಿದರು. ಮರುವರ್ಷ ಆ ಒಪ್ಪಂದದಿಂದ ಮಂಡಳಿ ಹಿಂದೆ ಸರಿಯಿತು; ೨೦೧೬ರ ಮಾರ್ಚಿಯಲ್ಲಿ ಕಾರ್ಖಾನೆಯ ಅನುಮತಿಯ ಅವಧಿ ಮುಗಿದಿದೆಯೆಂದು ರಾಜ್ಯದ ಪರಿಸರ ಇಲಾಖೆ ತೀರ್ಮಾನಿಸಿತು. ಅದೇ ವರ್ಷ ಡೆಸ್ಟಿನಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು. ಅಲ್ಲಿ ಯಾರೂ ಕಲ್ಲು ಎತ್ತಲಿಲ್ಲ. ಓದಿದರು, ಕೇಳಿದರು, ಬಿಡದೆ ಬೆನ್ನು ಹತ್ತಿದರು.

ನಮ್ಮ ನೆಲದ ಸಾಕ್ಷ್ಯ

ಬರೆದಿಟ್ಟ ಲೆಕ್ಕದ ಬಲವನ್ನು ತಿಳಿಯಲು ಸಮುದ್ರ ದಾಟಲೇಬೇಕೆಂದಿಲ್ಲ. ಕಾಸರಗೋಡು ಜಿಲ್ಲೆಯ ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ೨೦೦೦ನೆಯ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಗುತ್ತಿತ್ತು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುವವರಲ್ಲಿ ಇಷ್ಟು ಸಣ್ಣ ಪ್ರದೇಶಕ್ಕೆ ಇಷ್ಟೊಂದು ವಿಚಿತ್ರ ಕಾಯಿಲೆಗಳೇಕೆ ಎಂದು ಗಮನಿಸಿ ಗುರುತು ಹಾಕಿಕೊಂಡರು. ಅದೇ ಊರಿನ ಕನ್ನಡ ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರಜಗತ್ತಿಗೆ ಬರೆದು ತಿಳಿಸಿದರು. ಬಹುಜನರ ದೀರ್ಘ ಹೋರಾಟದ ನಂತರ ೨೦೧೧ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ತಡೆಯಿತು. ಹಳ್ಳಿಯೊಂದರ ವೈದ್ಯರ ಗುರುತುಗಳು ಇಷ್ಟು ದೂರ ಹೋಗಬಲ್ಲವಾದರೆ, ಪಟ್ಟಣದ ಓದಿದ ಮಕ್ಕಳ ಕೈಯಲ್ಲಿರುವ ಪುಸ್ತಕ ಏನನ್ನು ತಾನೇ ಮಾಡಲಾರದು?

ಇನ್ನೊಂದು ಮಾತು. ನ್ಯೂಯಾರ್ಕಿನ ತರುಣರು ಬೀದಿ ಗುಡಿಸಿದ ವರ್ಷವೇ, ೧೯೬೯ರ ಸೆಪ್ಟೆಂಬರ್ ೨೪ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ಅಂಗವಾಗಿ ನಮ್ಮ ದೇಶದ ೩೭ ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಪ್ರಾರಂಭವಾಯಿತು. 'ನಾನಲ್ಲ, ನೀನು' ಎಂಬುದು ಅದರ ಧ್ಯೇಯವಾಕ್ಯ. ಕಾಲೇಜುಗಳಲ್ಲಿ ಈ ವ್ಯವಸ್ಥೆ ಇರುವುದರಿಂದ ಹೊಸ ಸಂಘ ಕಟ್ಟುವ ಅಗತ್ಯವೂ ಇಲ್ಲ. ಇರುವುದಕ್ಕೆ ನಿಜವಾದ ಕೆಲಸವನ್ನು ಒಪ್ಪಿಸಿದರೆ ಸಾಕು.

ನಮ್ಮ ಓಣಿಯಲ್ಲಿ ಮಾಡಬಹುದಾದುದು

ಆ ಕೆಲಸಕ್ಕೆ ಒಂದು ಮಾದರಿಯನ್ನು ಇಲ್ಲಿ ಸೂಚಿಸುತ್ತೇವೆ. ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಕೊಳಚೆಯನ್ನು ಬಯಸುವುದಿಲ್ಲ. ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಮುಚ್ಚದ ತೊಟ್ಟಿ, ಹಂಡೆ, ಏರ್ ಕೂಲರು, ಫ್ರಿಜ್ಜಿನ ಹಿಂಬದಿಯ ತಟ್ಟೆ, ಹೂಕುಂಡದ ಅಡಿಯ ಬಟ್ಟಲು, ಹಳೆಯ ಟೈರು, ತೆಂಗಿನ ಚಿಪ್ಪು, ಅಂಗಳದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ತೋಟದ ಚಿಪ್ಪು ಇವೆಲ್ಲ ಅದರ ತೊಟ್ಟಿಲುಗಳು. ನಲ್ಲಿನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ನೀರು ತುಂಬಿಡದೆ ಗತ್ಯಂತರವಿಲ್ಲದ್ದರಿಂದ ಅಪಾಯ ಹೆಚ್ಚು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ೮ರಿಂದ ೧೦ ದಿನ ಬೇಕು. ಆದುದರಿಂದಲೇ ವಾರಕ್ಕೊಮ್ಮೆ ನೀರನ್ನು ಚೆಲ್ಲಿ ಪಾತ್ರೆಯ ಅಂಚನ್ನು ಉಜ್ಜಿ ತೊಳೆಯಬೇಕೆಂಬ ನಿಯಮ. ಉಜ್ಜುವುದು ಏಕೆಂದರೆ, ಅಂಚಿಗೆ ಅಂಟಿದ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರಬಲ್ಲದು. ಈ ಸೊಳ್ಳೆ ಹಾರುವ ದೂರವೂ ಅಲ್ಪ. ಒಂದು ಮನೆಯ ಹಂಡೆಯಲ್ಲಿ ಹುಟ್ಟಿದುದು ಹೆಚ್ಚಾಗಿ ಅಕ್ಕಪಕ್ಕದ ಮನೆಯವರನ್ನೇ ಕಚ್ಚುತ್ತದೆ. ಹೀಗಾಗಿ ಇದು ಒಂದು ಮನೆಯ ಕೆಲಸವಲ್ಲ. ಪುರಸಭೆಯೊಂದರ ಕೈಯಿಂದಾಗುವ ಕೆಲಸವೂ ಅಲ್ಲ. ಓಣಿಯ ಕೆಲಸ.

ಪ್ರತಿ ಓಣಿಗೆ ನಾಲ್ಕೈದು ಮಂದಿ ಹುಡುಗ ಹುಡುಗಿಯರ ಒಂದು ತಂಡವಿರಲಿ. ಮಳೆಗಾಲದಲ್ಲಿ ವಾರಕ್ಕೊಂದು ದಿನ, ಬೆಳಗಿನ ಎರಡು ಗಂಟೆ ಸಾಕು. ಪುಸ್ತಕದಲ್ಲಿ ಮನೆಯ ಸಂಖ್ಯೆ, ನೋಡಿದ ಪಾತ್ರೆಗಳೆಷ್ಟು, ಮರಿಹುಳು ಇದ್ದ ಪಾತ್ರೆಗಳೆಷ್ಟು, ಕಳೆದ ಹದಿನೈದು ದಿನಗಳಲ್ಲಿ ಜ್ವರ ಬಂದವರೆಷ್ಟು ಎಂದು ನಾಲ್ಕು ಕಲಮು. ಯಾರ ಹೆಸರನ್ನೂ ಬರೆಯಬೇಕಾಗಿಲ್ಲ. ನೂರು ಮನೆಗಳಲ್ಲಿ ಎಷ್ಟು ಮನೆಗಳಲ್ಲಿ ಮರಿಹುಳು ಸಿಕ್ಕಿತು ಎಂಬುದು ಮನೆ ಸೂಚ್ಯಂಕ. ನೂರು ಮನೆಗಳಿಗೆ ಎಷ್ಟು ಪಾತ್ರೆಗಳಲ್ಲಿ ಸಿಕ್ಕಿತು ಎಂಬುದು ಬ್ರೆಟೋ ಸೂಚ್ಯಂಕ. ಆರೋಗ್ಯ ಇಲಾಖೆಯವರು ಬಳಸುವುದೂ ಇದೇ ಲೆಕ್ಕವನ್ನು. ಓಣಿಯ ೮೦ ಮನೆಗಳಲ್ಲಿ ೧೨ ಮನೆಗಳಲ್ಲಿ ಹುಳು ಸಿಕ್ಕಿದರೆ ಸೂಚ್ಯಂಕ ೧೫. ಎಂಟನೆಯ ತರಗತಿಯ ಮಗುವೂ ಮಾಡಬಹುದಾದ ಗಣಿತವಿದು. ವಾರವಾರದ ಅಂಕೆಯನ್ನು ಓಣಿಯ ಅರಳಿಕಟ್ಟೆಯ ಬಳಿಯೋ ದೇವಸ್ಥಾನದ ಹೊರಗೋಡೆಯ ಮೇಲೋ ಹಲಗೆಯಲ್ಲಿ ಬರೆದರೆ, ಅಂಕೆ ಇಳಿಯುವುದನ್ನು ನೋಡುವ ಸಂತೋಷವೇ ಮುಂದಿನ ವಾರಕ್ಕೆ ಕರೆದೊಯ್ಯುತ್ತದೆ.

ಮನೆಯವರಿಂದ ಆಗದ ಕೆಲಸಗಳೂ ಈ ಸುತ್ತಾಟದಲ್ಲಿ ಕಣ್ಣಿಗೆ ಬೀಳುತ್ತವೆ: ಒಡೆದ ಕೊಳವೆ, ಮುಚ್ಚಿಹೋದ ಚರಂಡಿ, ಗಾಡಿ ಬಾರದ ಕಸದ ಮೂಲೆ. ಅವುಗಳ ಸ್ಥಳ, ದಿನಾಂಕ, ಚಿತ್ರಗಳನ್ನು ಸೇರಿಸಿ ಪುರಸಭೆಗೆ ಅರ್ಜಿ ಬರೆಯಬೇಕು. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ನಕಲನ್ನು ಇಟ್ಟುಕೊಳ್ಳಬೇಕು. ಉತ್ತರ ಬಾರದಿದ್ದರೆ ೨೦೦೫ರ ಮಾಹಿತಿ ಹಕ್ಕು ಕಾಯಿದೆಯಿದೆ; ಮಾಹಿತಿ ಕೊಡಲು ಸಾಮಾನ್ಯವಾಗಿ ೩೦ ದಿನಗಳ ಗಡುವು. ಕೂಗಾಟವಿಲ್ಲದೆ, ಬೇಸರವಿಲ್ಲದೆ ಒಂದು ಅರ್ಜಿಯನ್ನು ಕೊನೆಯವರೆಗೆ ಹಿಂಬಾಲಿಸಲು ಕಲಿತ ಮಗು ಪೌರಶಾಸ್ತ್ರದ ಪುಸ್ತಕ ಕಲಿಸಲಾರದುದನ್ನು ಕಲಿತಂತೆ.

ಗಡಿಯ ಮಕ್ಕಳ ವಿಶೇಷ ಶಕ್ತಿ

ಇಲ್ಲಿ ನಮ್ಮ ಗಡಿನಾಡಿನ ಮಕ್ಕಳಿಗೆ ಒಂದು ವಿಶೇಷವಾದ ಪಾತ್ರವಿದೆ. ಆರೋಗ್ಯ ಇಲಾಖೆಯ ಕರಪತ್ರ ಕಾಸರಗೋಡಿನಲ್ಲಿ ಮಲಯಾಳದಲ್ಲಿ, ಸೊಲ್ಲಾಪುರದಲ್ಲಿ ಮರಾಠಿಯಲ್ಲಿ, ಹೊಸೂರಿನಲ್ಲಿ ತಮಿಳಿನಲ್ಲಿ, ಆದೋನಿಯಲ್ಲಿ ತೆಲುಗಿನಲ್ಲಿ ಬಂದರೆ, ಕನ್ನಡವೊಂದನ್ನೇ ಓದಬಲ್ಲ ಅಜ್ಜಿ ಅದನ್ನು ಮಡಿಸಿ ಡಬ್ಬಿಯ ತಳಕ್ಕೆ ಹಾಸುತ್ತಾಳೆ. ಅಜ್ಜಿ ಮೂರ್ಖಳಲ್ಲ; ಕಾಗದ ಅವಳೊಡನೆ ಮಾತನಾಡಲಿಲ್ಲ, ಅಷ್ಟೆ. ಅದೇ ಸಂಗತಿಯನ್ನು ಮೊಮ್ಮಗಳು ಹಂಡೆಯ ನೀರನ್ನು ಲೋಟದಲ್ಲಿ ಎತ್ತಿ, ತೇಲುವ ಹುಳುವನ್ನು ಬೆಳಕಿಗೆ ಹಿಡಿದು ಕನ್ನಡದಲ್ಲಿ ಹೇಳಿದರೆ ಅಜ್ಜಿಗೆ ಎರಡನೆಯ ಸಲ ಹೇಳಬೇಕಾಗುವುದಿಲ್ಲ. ಅದೇ ಮೊಮ್ಮಗಳು ಮರುದಿನ ರಾಜ್ಯದ ಭಾಷೆಯಲ್ಲಿ ತಪ್ಪಿಲ್ಲದೆ ಅರ್ಜಿ ಬರೆದು ಅಧಿಕಾರಿಯ ಮುಂದಿಡಬಲ್ಲಳು. ಎರಡು ಭಾಷೆಯ ಬದುಕನ್ನು ಹೊರೆಯೆಂದೇ ಎಣಿಸಿ ಬಂದಿದ್ದೇವೆ; ಇಂತಹ ಕಾರ್ಯದಲ್ಲಿ ಅದು ಸೇತುವೆಯಾಗುತ್ತದೆ. ನಮ್ಮ ಮಕ್ಕಳು ಕನ್ನಡವನ್ನು ಮನೆಯ ಮೂಲೆಯ ಭಾಷೆಯೆಂದು ಬಿಡುತ್ತಿದ್ದಾರೆಂದು ಕೊರಗುವ ತಂದೆತಾಯಿಗಳೂ ಯೋಚಿಸಬೇಕು. ಒಂದು ಜೀವ ಉಳಿಸುವ ಮಾತನ್ನು ಆಡಲು ಬಂದ ಭಾಷೆಯನ್ನು ಯಾವ ಮಗುವೂ ಕೀಳೆಂದು ತಿಳಿಯಲಾರದು.

ಹಿರಿಯರ ಕರ್ತವ್ಯ

ಹಾಗೆಂದು ಎಲ್ಲವನ್ನೂ ಮಕ್ಕಳ ಹೆಗಲಿಗೆ ಹಾಕಿ ಹಿರಿಯರು ಕೈಕಟ್ಟಿ ಕೂಡುವಂತಿಲ್ಲ. ಚರಂಡಿಗೆ ಇಳಿಯುವ, ಆಸ್ಪತ್ರೆಯ ತ್ಯಾಜ್ಯವನ್ನಾಗಲಿ ಒಡೆದ ಗಾಜನ್ನಾಗಲಿ ಮುಟ್ಟುವ ಕೆಲಸಕ್ಕೆ ಮಕ್ಕಳನ್ನು ಎಂದಿಗೂ ಬಿಡಬಾರದು. ಮನೆಮನೆಗೆ ಹೋಗುವಾಗ ತಂಡದ ಜೊತೆಗೆ ಒಬ್ಬ ಹಿರಿಯರಿರಬೇಕು. ಊರಿನ ವೈದ್ಯರೊಬ್ಬರು, ವಿಜ್ಞಾನದ ಉಪಾಧ್ಯಾಯರೊಬ್ಬರು ತಿಂಗಳಿಗೊಮ್ಮೆ ಪುಸ್ತಕವನ್ನು ನೋಡಿ ತಿದ್ದಬೇಕು. ಕನ್ನಡ ಸಂಘಗಳು ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಸಣ್ಣ ಪಾಲನ್ನು ಪುಸ್ತಕ, ಟಾರ್ಚು, ಕೈಗವಸುಗಳಿಗೆ ತೆಗೆದಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಳು ತಂದ ಲೆಕ್ಕ ನಮಗೆ ಅಹಿತವಾದಾಗಲೂ ಅದನ್ನು ಕೇಳುವ ಮನಸ್ಸು ಬೇಕು. ಹುಳು ಸಿಕ್ಕಿದ್ದು ಸಂಘದ ಅಧ್ಯಕ್ಷರ ಮನೆಯ ತೊಟ್ಟಿಯಲ್ಲಿಯೇ ಆದರೆ ಅದನ್ನೂ ಹಲಗೆಯ ಅಂಕೆಗೆ ಸೇರಿಸಬೇಕು. ಮುಂದಾಳುತನವನ್ನು ಕೊಟ್ಟೆವೆಂದು ಹೇಳಿ, ಅಂಕೆಯನ್ನು ಮುಚ್ಚಿಡಲು ಹೇಳುವ ಹಿರಿಯರಿಂದ ಮಕ್ಕಳು ಕಲಿಯುವುದು ಬೇರೆಯೇ ಪಾಠ.

ಓದು ಮುಗಿಸಿದ ನಮ್ಮ ಮಕ್ಕಳು ಬೆಂಗಳೂರಿಗೋ ಪುಣೆಗೋ ಹೈದರಾಬಾದಿಗೋ ಹೊರಟು ನಿಲ್ಲುತ್ತಾರೆ. ಹೋಗಲಿ; ಹೊಟ್ಟೆಪಾಡಿಗೆ ಹೋಗಲೇಬೇಕು. ಆದರೆ ಹದಿನಾರು ಹದಿನೇಳರ ಪ್ರಾಯದಲ್ಲಿ ಒಂದು ಓಣಿಯ ಆರೋಗ್ಯವನ್ನು ತನ್ನ ಕೈಯಾರೆ ಬರೆದಿಟ್ಟ ಮಗು ಎಲ್ಲಿಗೆ ಹೋದರೂ ಅಲ್ಲಿಯ ಬೀದಿಯನ್ನು ಅಪರಿಚಿತವೆಂದು ನೋಡಲಾರದು. ಮುಂದಿನ ಅಕ್ಟೋಬರ್ ೨ರಂದು ಪೊರಕೆಗಳನ್ನು ತರಿಸುವ ಸಂಘಗಳವರು, ಜೊತೆಗೆ ಒಂದು ಡಜನ್ ಇನ್ನೂರು ಪುಟದ ಪುಸ್ತಕಗಳನ್ನೂ ತರಿಸಲಿ ಎಂದು ನಮ್ಮ ಸವಿನಯ ಪ್ರಾರ್ಥನೆ.